ಒದ್ದೆ ಕಡೆ, ಒಣ ಕಡೆ

ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲು ಬರುವುದಿಲ್ಲ. ಒಂದೇ ಕೈಯಲ್ಲಿ ಪಾತ್ರೆ ಉಜ್ಜಿದರೆ ಪಾತ್ರೆ ಗಿರಗಿರನೆ ತಿರುಗುತ್ತದೆಯೇ ಹೊರತು ಮಸಿ ಹೋಗುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಬಹುದು, ಆದರೆ ಅಷ್ಟು ಹೊತ್ತಿಗೆ ಬೀದಿ ನಲ್ಲಿಯಲ್ಲಿ ನೀರು ನಿಂತುಹೋಗಿರುತ್ತದೆ. ಇದನ್ನೆಲ್ಲ ನಾದಿನಿ ಒಂದೊಂದಾಗಿ ಕಲಿಯುತ್ತಿದ್ದಳು. ಸಹಾಯಕ್ಕೆ ಹೋದರೆ "ಬಿಡು ಅತ್ತಿಗೆ, ನಾನೇ ಮಾಡ್ಕೋತೀನಿ" ಎಂದು ಸಿಡುಕುತ್ತಿದ್ದಳು. ಹೋಗದಿದ್ದರೆ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದಳು. ಅತ್ತಿಗೆಗೆ ಹೋದರೂ ಕಷ್ಟ, ಬಿಟ್ಟರೂ ಕಷ್ಟ.

ಅತ್ತಿಗೆ ಆ ಮನೆಗಷ್ಟೇ ಅತ್ತಿಗೆಯಾಗಿ ಉಳಿದಿರಲಿಲ್ಲ. ಇಬ್ಬರೂ ಒಂದೇ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದರು. ನಾದಿನಿ ದಿನವಿಡೀ "ಅತ್ತಿಗೆ, ಅತ್ತಿಗೆ" ಎಂದು ಕೂಗುವುದನ್ನು ಕೇಳಿ ಕೇಳಿ ಅಲ್ಲಿದ್ದವರೆಲ್ಲ ಹಾಗೇ ಕರೆಯತೊಡಗಿದ್ದರು. ಒಮ್ಮೆ ಮ್ಯಾನೇಜರನೂ ಬಾಯಿ ತಪ್ಪಿ "ಅತ್ತಿಗೆ" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಿದ್ದ.

ಅದು ಮನೆಮನೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲ. ಆಸ್ಪತ್ರೆಗಳ ಚಾದರ, ಹೋಟೆಲುಗಳ ಮೇಜಿನ ಬಟ್ಟೆ ಎಲ್ಲ ವ್ಯಾನುಗಳಲ್ಲಿ ಗಂಟು ಗಂಟಾಗಿ ಬಂದು ಬೀಳುತ್ತಿದ್ದವು. ಒಂದು ಕೋಣೆಯಲ್ಲಿ ಒಗೆಯುವ ಯಂತ್ರಗಳು. ಅಲ್ಲಿನ ಹೆಂಗಸರು ಸದಾ ಮೊಣಕಾಲಿನವರೆಗೆ ಒದ್ದೆ. ಇನ್ನೊಂದು ಕೋಣೆಯಲ್ಲಿ ಮಡಿಸುವ ಮೇಜುಗಳು. ಅಲ್ಲಿನವರ ಮೂಗಿನ ತುಂಬ ಹತ್ತಿಯ ದೂಳು. ಎರಡರ ನಡುವೆ ಗೋಡೆ ಒಡೆದು ಮಾಡಿದ ಜಾಗದಲ್ಲಿ ರೋಲರು. ಆವಿಯಿಂದ ಕಾದ, ಆನೆಯ ಮೈಯಷ್ಟು ದಪ್ಪದ ಕಬ್ಬಿಣದ ಉರುಳೆ. ಈ ಕಡೆಯಿಂದ ಒದ್ದೆ ಚಾದರವನ್ನು ಬಾಯಿಗೆ ಕೊಟ್ಟರೆ ಆ ಕಡೆಯಿಂದ ಅದು ಗರಿಗರಿಯಾಗಿ ಒಣಗಿ ಬರುತ್ತಿತ್ತು.

ರೋಲರಿನ ಬಾಯಿಗೆ ಅಡ್ಡವಾಗಿ ಮೊದಲು ಒಂದು ಕಂಬಿ ಇತ್ತು. ಎಲ್ಲರೂ ಅದಕ್ಕೆ ಗಾರ್ಡು ಎನ್ನುತ್ತಿದ್ದರು. ಬೆರಳು ತಾಗಿದರೆ ಸಾಕು, ರೋಲರು ನಿಂತುಬಿಡುತ್ತಿತ್ತು. ಅದಕ್ಕೆ ಒಂದೇ ದೋಷ. ಬೆರಳು ಯಾವುದು, ಬಟ್ಟೆಯ ಸುಕ್ಕು ಯಾವುದು ಎಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಸುಕ್ಕು ತಾಗಿದರೂ ನಿಲ್ಲುತ್ತಿತ್ತು. ಹೋಟೆಲಿನವರು ಅವಸರ ಮಾಡಿದ ಒಂದು ದಿನ ಮ್ಯಾನೇಜರ್ ಅದನ್ನು ಬಿಚ್ಚಿಸಿ ಉಗ್ರಾಣಕ್ಕೆ ಹಾಕಿಸಿದ. "ಎರಡು ದಿನದ ಮಟ್ಟಿಗೆ" ಎಂದ. ಸಾಹೇಬರ ಎರಡು ದಿನ ಎಂದಾದರೂ ಮುಗಿದದ್ದುಂಟೆ?

ಚಾದರದ ಒದ್ದೆ ತುದಿ ನಾದಿನಿಯ ಮಣಿಕಟ್ಟಿಗೆ ಸುತ್ತಿಕೊಂಡದ್ದು ಅದಾದ ಮೇಲೆ. ಅವಳು ಕೂಗಿದಳು. ನಿಲ್ಲಿಸುವ ಕೆಂಪು ಗುಂಡಿ ದೂರದ ಗೋಡೆಯ ಮೇಲಿತ್ತು. ಅತ್ತಿಗೆ ಮಡಿಸುವ ಮೇಜನ್ನು ಹಾರಿ ಓಡಿ ಅದನ್ನು ಒತ್ತುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಕ್ಕೆ ಕೈ ತೆಗೆದರು. ಅವಳನ್ನು ಮಲಗಿಸಿದ ಚಾದರದ ಮೂಲೆಯಲ್ಲಿ ಅದೇ ಲಾಂಡ್ರಿಯ ಗುರುತಿತ್ತು.

ಅತ್ತಿಗೆ ಮ್ಯಾನೇಜರನ ಮುಂದೆ ಹೋಗಿ ನಿಂತಳು.

"ಸಾರ್, ಗಾರ್ಡ್ ವಾಪಸ್ ಹಾಕ್ಸಿ. ನಮ್ಮ ನಾದಿನಿಗೆ ಕೂತು ಮಾಡೋ ಕೆಲಸ ಏನಾದ್ರೂ ಕೊಡಿ. ಕಲೆ ನೋಡಿ ಬಟ್ಟೆ ಬೇರೆ ಮಾಡೋಕೆ ಒಂದು ಕೈ ಸಾಕು."

"ಗಾರ್ಡ್ ಹಾಕಿದ್ರೆ ಕೆಲಸ ಹಿಂದೆ ಬೀಳತ್ತೆ," ಎಂದ ಮ್ಯಾನೇಜರ್. "ಇನ್ನು ನಿಮ್ಮ ನಾದಿನಿ. ನೋಡಮ್ಮ, ಪೂರ್ತಿ ಕೈಕಾಲು ಇರೋರಿಗೇ ಇಲ್ಲಿ ಕೆಲಸ ಸಾಲ್ತಿಲ್ಲ. ನನಗೂ ಕರುಳಿದೆ. ಆದ್ರೆ ಕರುಳು ಇಟ್ಕೊಂಡು ಲಾಂಡ್ರಿ ನಡೆಸೋಕಾಗತ್ತಾ?"

ಅಷ್ಟು ಹೇಳಿ ಸುಮ್ಮನಿದ್ದರೂ ಆಗುತ್ತಿತ್ತು. ಅವಳು ಬಾಗಿಲು ದಾಟುವಾಗ ಹಿಂದಿನಿಂದ ಕರೆದು, "ಹಾಂ, ರೋಲರ್ ಹತ್ರ ಜಾಗ ಖಾಲಿ ಇದೆ. ನಾಳೆಯಿಂದ ನೀನೇ ಅಲ್ಲಿ ನಿಲ್ಲು," ಎಂದ.

ನಾದಿನಿಯ ಕೈ ತಿಂದ ಬಾಯಿಗೆ ಮರುದಿನದಿಂದ ಅತ್ತಿಗೆ ಚಾದರ ತಿನ್ನಿಸತೊಡಗಿದಳು. ಗಂಡನ ಗಾಡಿ ಕೆಲಸ ಒಂದು ದಿನ ಇದ್ದರೆ ಇನ್ನೊಂದು ದಿನ ಇಲ್ಲ. ಬೇಡ ಎನ್ನುವ ಹಾಗಿರಲಿಲ್ಲ.

ಒಗೆಯುವ ಕೋಣೆಯಲ್ಲಿ ಗಂಟಲಮ್ಮ ಎಂಬ ಹೆಂಗಸಿದ್ದಳು. ಯಂತ್ರಗಳ ಸದ್ದಿನ ಮೇಲೂ ಕೇಳುವ ಗಂಟಲು, ಅದಕ್ಕೇ ಆ ಹೆಸರು. ಅತ್ತಿಗೆ ರೋಲರಿಗೆ ಬಂದ ಮೊದಲ ದಿನವೇ ಅವಳು ಹೇಳಿದ್ದಳು: "ಎಲ್ಲಾರೂ ಕೈ ಕಟ್ಟಿ ನಿಂತುಬಿಡೋಣ ಕಣೇ. ಗಾರ್ಡ್ ತಾನಾಗೇ ನಡ್ಕೊಂಡು ಬರತ್ತೆ."

"ನಿನ್ನ ಬಾಯಿಗೆ ಬೀಗ ಹಾಕು," ಎಂದಿದ್ದಳು ಅತ್ತಿಗೆ. "ಇರೋ ಕೆಲಸಾನೂ ಕಳೀತೀಯ. ಸರ್ಕಾರ ಅಂತ ಒಂದಿದೆ. ಮಂಡಳಿ ಅಂತ ಮಾಡಿರೋದು ಯಾತಕ್ಕೆ?"

"ಕುರ್ಚಿ ಮಾಡೋರಿಗೂ ಹೊಟ್ಟೆಪಾಡು ನಡೀಬೇಕಲ್ಲ, ಅದಕ್ಕೆ."

ಅತ್ತಿಗೆಗೆ ಆ ಮಾತು ಹಿಡಿಸಲಿಲ್ಲ. ಅವಳಿಗೆ ಸರ್ಕಾರದ ಮೇಲೆ ಒಂದು ಬಗೆಯ ನಂಬಿಕೆಯಿತ್ತು. ದೂರದಲ್ಲಿರುವ ದೊಡ್ಡಪ್ಪನ ಮೇಲೆ ಇರುವಂಥದ್ದು. ಬರುವುದಿಲ್ಲ, ಹೋಗುವುದಿಲ್ಲ. ಆದರೆ ಕಷ್ಟಕಾಲದಲ್ಲಿ ಹೇಳಿ ಕಳಿಸಿದರೆ ಬಂದಾನು ಎಂಬ ನಂಬಿಕೆ.

ಕಾರ್ಖಾನೆ ಕಾರ್ಮಿಕರ ಮಂಡಳಿ ದೊಡ್ಡ ರಸ್ತೆಯ ಈ ಬದಿಗಿತ್ತು. ಅತ್ತಿಗೆ, ನಾದಿನಿ ಇಬ್ಬರೂ ಬೆಳಿಗ್ಗೆಯೇ ಹೋಗಿ ಬೆಂಚಿನ ಮೇಲೆ ಕೂತರು. ಮಧ್ಯಾಹ್ನ ಅಧ್ಯಕ್ಷರು ಒಳಗೆ ಕರೆದರು. ಕನ್ನಡಕದ ಸಾಹೇಬರು. ಮೆತ್ತಗಿನ ಮಾತು.

"ನಿಮ್ಮಲ್ಲಿ ಏನು ತಯಾರಾಗತ್ತಮ್ಮ?"

"ಬಟ್ಟೆ ಒಗೀತೀವಿ ಸಾರ್."

"ಅದು ಸರಿ. ತಯಾರಾಗೋದೇನು? ಒಳಗೆ ಬರೋದು ಚಾದರ. ಹೊರಗೆ ಹೋಗೋದು?"

"ಚಾದರ."

"ನೋಡಿದ್ರಾ? ಹೊಸದೇನೂ ಹುಟ್ಟಲಿಲ್ಲ. ಹೊಸದು ಹುಟ್ಟದಿದ್ರೆ ಅದು ಕಾರ್ಖಾನೆ ಆಗಲ್ಲ. ಅದು ಸೇವೆ. ರಸ್ತೆ ಆಚೆ ಸೇವಾ ಕಾರ್ಮಿಕರ ಮಂಡಳಿ ಇದೆ, ಅಲ್ಲಿಗೆ ಹೋಗಿ."

"ಸಾರ್, ಕೈ ಹೋಗಿದೆ."

"ಕೈ ಬಗ್ಗೆ ನಮ್ಮದೇನೂ ತಕರಾರಿಲ್ಲಮ್ಮ. ಜಾಗದ ಬಗ್ಗೆ ಹೇಳ್ತಿದ್ದೀನಿ."

ರಸ್ತೆ ದಾಟಿದರು. ಸೇವಾ ಮಂಡಳಿಯ ಅಧ್ಯಕ್ಷರಿಗೆ ಕೆಮ್ಮು. ಪ್ರತಿ ಮಾತಿಗೂ ಮೊದಲು ಕೆಮ್ಮಿ, ಆಮೇಲೆ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದರು.

"ಬಾಯ್ಲರ್ ಇದೆಯಾ?"

"ಇದೆ ಸಾರ್."

"ಹೊಗೆ ಕೊಳವೆ?"

"ಅದೂ ಇದೆ."

"ಮತ್ತೆ? ಸೇವೆ ಅಂದ್ರೆ ತಲೆಕೂದಲು ಕತ್ತರಿಸೋದು, ಊಟ ಬಡಿಸೋದು. ಸೇವೆಯಲ್ಲಿ ಕೈ ಹೋಗೋಕೆ ಹೇಗೆ ಸಾಧ್ಯ? ನಿಮ್ಮ ಕೈ ಹೋಗಿದೆ ಅನ್ನೋದೇ ಸಾಕ್ಷಿ, ಅದು ಕಾರ್ಖಾನೆ. ಆ ರಸ್ತೆ ಆಚೆಯವರು ಸೋಮಾರಿಗಳು. ಕೆಲಸ ತಪ್ಪಿಸ್ಕೊಳ್ಳೋಕೆ ನಿಮ್ಮನ್ನ ಇಲ್ಲಿಗೆ ಅಟ್ಟಿದ್ದಾರೆ."

ಮತ್ತೆ ರಸ್ತೆ ದಾಟಿದರು. ಮರುವಾರ ಮತ್ತೆ. ಅತ್ತಿಗೆ ರಜೆ ಕೇಳಿದ ದಿನವೆಲ್ಲ ಅವಳ ಸಂಬಳ ಹೋಯಿತು. ಕಾರ್ಖಾನೆ ಮಂಡಳಿಯ ಜವಾನನಿಗೆ ಇವರ ಮುಖ ಎಷ್ಟು ಪರಿಚಯವಾಯಿತೆಂದರೆ ಒಂದು ದಿನ ಬಾಗಿಲಲ್ಲೇ, "ಅಮ್ಮಾ, ನೀವು ಆ ರಸ್ತೆ ಮಧ್ಯದಲ್ಲೇ ಒಂದು ಮನೆ ಮಾಡ್ಕೊಂಡ್ರೆ ಅನುಕೂಲ," ಎಂದು ನಕ್ಕ. ಅತ್ತಿಗೆಗೂ ನಗು ಬಂತು. ನಾದಿನಿ ನಗಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಒಂದು ಸುದ್ದಿ ಇಳಿದುಬಂತು. ಮಂಡಳಿಗಳು ಹೆಚ್ಚಾದವು, ಸರ್ಕಾರಕ್ಕೆ ಖರ್ಚು ಹೆಚ್ಚಾಯಿತು. ಯಾವ ಮಂಡಳಿಯ ಕೈಕೆಳಗೆ ಕಡಿಮೆ ಜಾಗಗಳಿವೆಯೋ ಅದನ್ನು ಮುಚ್ಚುತ್ತಾರಂತೆ. ಅಧ್ಯಕ್ಷಗಿರಿ ಹೋಗುತ್ತದೆ, ಕಾರೂ ಹೋಗುತ್ತದೆ. ಯಾರಿಗೂ ಬೇಡದ ಕೂಸಾಗಿದ್ದ ಲಾಂಡ್ರಿ ಒಂದೇ ದಿನದಲ್ಲಿ ಇಬ್ಬರಿಗೂ ಮುದ್ದಿನ ಕೂಸಾಯಿತು. ಸೋಮವಾರ ಕಾರ್ಖಾನೆ ಮಂಡಳಿಯವರು ಬಂದು ಗೇಟಿಗೆ ತಮ್ಮ ಹೆಸರಿನ ಫಲಕ ಹೊಡೆದು ಹೋದರು. ಮಂಗಳವಾರ ಸೇವಾ ಮಂಡಳಿಯವರು ಬಂದು ಅದರ ಮೇಲೇ ತಮ್ಮ ಫಲಕ ಹೊಡೆದರು. ಮ್ಯಾನೇಜರ್ ಇಬ್ಬರಿಗೂ ಚಹಾ ಕೊಟ್ಟ, ಇಬ್ಬರಿಗೂ "ಹೌದು ಸಾರ್, ನಾವು ನಿಮ್ಮವರೇ" ಎಂದ.

"ನೋಡಿದ್ಯಾ," ಎಂದಳು ಅತ್ತಿಗೆ, ಗಂಟಲಮ್ಮನಿಗೆ. "ಈಗ ಇಬ್ಬರೂ ಬಂದ್ರು."

"ಬಂದದ್ದು ನಿನಗೋಸ್ಕರ ಅಲ್ಲ, ತಮ್ಮ ಕಾರಿಗೋಸ್ಕರ. ಗಾರ್ಡ್ ಬಗ್ಗೆ ಒಬ್ರಾದ್ರೂ ಉಸಿರೆತ್ತಿದ್ರಾ?"

ಕಡೆಗೆ ಇಬ್ಬರು ಅಧ್ಯಕ್ಷರೂ ಒಟ್ಟಿಗೆ ಬಂದು ಸ್ಥಳ ಪರಿಶೀಲನೆ ಮಾಡುವುದೆಂದಾಯಿತು. ಆ ದಿನ ನೆಲ ತೊಳೆಸಿದರು. ಆವಿ ಸೋರುತ್ತಿದ್ದ ಕೊಳವೆಗೆ ಬಟ್ಟೆ ಸುತ್ತಿದರು. ಸಾಹೇಬರಿಬ್ಬರೂ ಒಗೆಯುವ ಕೋಣೆ ನೋಡಿದರು, ಮಡಿಸುವ ಕೋಣೆ ನೋಡಿದರು, ರೋಲರಿನ ಹತ್ತಿರ ಬಂದು ನಿಂತರು. ಅತ್ತಿಗೆ ಚಾದರ ಕೊಡುತ್ತಿದ್ದಳು.

ಕನ್ನಡಕದ ಸಾಹೇಬರು ಚಾದರ ಮುಟ್ಟಿ, "ಇಲ್ಲಿ ಒದ್ದೆ," ಎಂದರು.

ಕೆಮ್ಮಿನ ಸಾಹೇಬರು ಆ ಕಡೆ ಹೋಗಿ ಮುಟ್ಟಿ, "ಇಲ್ಲಿ ಒಣ," ಎಂದರು.

"ಒಣಗೋದು ಎಲ್ಲಿ?"

"ಒಳಗೆ."

"ಒಳಗೆ ಅಂದ್ರೆ ಖಚಿತವಾಗಿ ಎಲ್ಲಿ?"

ಅತ್ತಿಗೆ ತಡೆಯಲಾರದೆ ಹೇಳಿದಳು: "ಸಾರ್, ಇದೇ ಬಾಯಿ. ನಮ್ಮ ನಾದಿನಿ ಕೈ ಹೋಗಿದ್ದು ಇಲ್ಲೇ. ಗಾರ್ಡ್ ಇಲ್ಲ, ನೀವೇ ನೋಡಿ."

"ಅದಕ್ಕೂ ಬರ್ತೀವಮ್ಮ. ಮೊದಲು ಇದು ಯಾರದು ಅಂತ ಇತ್ಯರ್ಥ ಆಗ್ಲಿ," ಎಂದ ಕೆಮ್ಮಿನ ಸಾಹೇಬರು ಈ ಕಡೆ ಬಂದು ರೋಲರಿನ ಬಾಯೊಳಗೆ ಇಣುಕಲು ಬಗ್ಗಿದರು. ಬಗ್ಗಿದ ಹೊತ್ತಿಗೇ ಕೆಮ್ಮು ಬಂತು. ಕರವಸ್ತ್ರ ಹಿಡಿದ ಕೈ ಮುಂದಕ್ಕೆ ಹೋಯಿತು. ಅತ್ತಿಗೆ ಯೋಚಿಸಲಿಲ್ಲ. ಒದ್ದೆ ಮೊಣಕೈಯಿಂದ ಅವರ ಎದೆಗೆ ತಿವಿದು ಹಿಂದಕ್ಕೆ ದಬ್ಬಿದಳು. ಕರವಸ್ತ್ರ ಮಾತ್ರ ರೋಲರಿನೊಳಗೆ ಹೋಯಿತು.

ಸಾಹೇಬರು ಕೋಟು ನೋಡಿಕೊಂಡರು. "ಏನಮ್ಮ ಇದು? ಮೈಯೆಲ್ಲ ಒದ್ದೆ ಮಾಡಿದ್ಯಲ್ಲ!"

ಆ ಕಡೆಯಿಂದ ಕರವಸ್ತ್ರ ಇಸ್ತ್ರಿಯಾಗಿ ಬಂತು. ಮ್ಯಾನೇಜರ್ ಅದನ್ನು ಎರಡೂ ಕೈಯಲ್ಲಿ ತಂದು ಸಾಹೇಬರಿಗೆ ಒಪ್ಪಿಸಿದ. ಎಲ್ಲರೂ ನಕ್ಕರು. ಮನೆಗೆ ಬಂದು ಇದನ್ನು ಹೇಳಿದಾಗ ನಾದಿನಿ, "ಯಾಕೆ ದಬ್ಬಿದೆ ಅತ್ತಿಗೆ?" ಎಂದಳು. ಬಗ್ಗಿದವರು ಯಾರೇ ಆಗಿದ್ದರೂ ಅತ್ತಿಗೆಯ ಮೊಣಕೈ ಅದೇ ಕೆಲಸ ಮಾಡುತ್ತಿತ್ತು.

ತೀರ್ಮಾನ ಹೇಳುವ ದಿನ ಅತ್ತಿಗೆ, ನಾದಿನಿ ಇಬ್ಬರನ್ನೂ ಕರೆಸಿದರು. ಸಭಾಂಗಣದಲ್ಲಿ ಫೋಟೋದವರು, ಪತ್ರಿಕೆಯವರು. ನಾದಿನಿ ಉದ್ದ ತೋಳಿನ ಅಂಗಿ ಹಾಕಿಕೊಂಡು ಬಂದಿದ್ದಳು. ಸಾಹೇಬರಿಬ್ಬರೂ ಒಬ್ಬರ ಕೈ ಒಬ್ಬರು ಕುಲುಕಿದರು. ಫೋಟೋದವನಿಗೆ ಸರಿಯಾಗಿ ಬರಲಿಲ್ಲವೆಂದು ಮತ್ತೊಮ್ಮೆ ಕುಲುಕಿದರು. ಇಷ್ಟು ದಿನದ ವಿವಾದ ಸೌಹಾರ್ದದಿಂದ ಬಗೆಹರಿಯಿತು ಎಂದು ಓದಿದರು. ಬಟ್ಟೆ ಒದ್ದೆಯಾಗಿರುವವರೆಗೆ ಅದು ಕಾರ್ಖಾನೆ ಮಂಡಳಿಗೆ ಸೇರಿದ್ದು. ಒಣಗಿದ ಮೇಲೆ ಸೇವಾ ಮಂಡಳಿಗೆ. ಲಾಂಡ್ರಿ ಅರ್ಧ ಇವರ ಲೆಕ್ಕಕ್ಕೆ, ಅರ್ಧ ಅವರ ಲೆಕ್ಕಕ್ಕೆ. ಇಬ್ಬರ ಕಾರೂ ಉಳಿಯಿತು.

"ರೋಲರ್ ಸಾರ್?" ಎಂದಳು ಅತ್ತಿಗೆ.

"ರೋಲರು ಸದ್ಯಕ್ಕೆ ಎರಡೂ ಮಂಡಳಿಗಳ ವ್ಯಾಪ್ತಿಯಿಂದ ಹೊರಗೆ. ಅಲ್ಲಿ ಸ್ವಲ್ಪ ಸೂಕ್ಷ್ಮ ಇದೆ."

"ಹಾಗಾದ್ರೆ ನಾವು ಕೊಟ್ಟ ದೂರು?"

ಕನ್ನಡಕದ ಸಾಹೇಬರು ತುಂಬ ಮೆತ್ತಗೆ ಹೇಳಿದರು: "ನೀವು ದೂರು ಕೊಟ್ಟಾಗ ಯಾರಿಗೆ ಅಧಿಕಾರ ಅನ್ನೋದೇ ತೀರ್ಮಾನ ಆಗಿರಲಿಲ್ಲ. ಅಧಿಕಾರ ಇಲ್ಲದ ಕಡೆ ಕೊಟ್ಟ ದೂರು ದೂರೇ ಅಲ್ಲ. ಹೊಸದಾಗಿ ಕೊಡೋಣ ಅಂದ್ರೆ, ಅಪಘಾತ ಆಗಿ ಬಹಳ ದಿನ ಆಯ್ತು. ಅವಧಿ ಮೀರಿಹೋಗಿದೆ. ನೀವು ಸಕಾಲಕ್ಕೆ ಬರಬೇಕಿತ್ತು."

ನಾದಿನಿ ಎದ್ದು ನಿಂತಳು. ಕೈ ಹೋದ ಮೇಲೆ ಅವಳು ಹೊರಗಿನವರ ಮುಂದೆ ಬಾಯಿ ತೆರೆದದ್ದೇ ಇಲ್ಲ.

"ಸಾರ್, ನನ್ನ ಕೈ ಒಳಗೆ ಹೋಗಿದ್ದು ಒದ್ದೆ ಕಡೆಯಿಂದ. ಬೆಂದುಹೋಗಿದ್ದು ಒಣ ಕಡೆ. ನೀವಿಬ್ಬರೂ ಅದನ್ನೂ ಅರ್ಧ ಅರ್ಧ ಹಂಚ್ಕೊಂಡುಬಿಡಿ."

ಯಾರೋ "ಚಹಾ ತನ್ರಪ್ಪ" ಎಂದರು. ಜವಾನ ನಾದಿನಿಯ ಒಂದು ಕೈಗೆ ಲೋಟ ಕೊಟ್ಟು, ಇನ್ನೊಂದು ಕೈಗೆಂದು ಬಿಸ್ಕತ್ತಿನ ತಟ್ಟೆ ಚಾಚಿದ. ಚಾಚಿದವನು ಹಾಗೇ ನಿಂತ. ನಾದಿನಿ ಲೋಟವನ್ನು ಸಾಹೇಬರ ಮೇಜಿನ ಮೇಲಿಟ್ಟು ಹೊರಗೆ ನಡೆದಳು.

ದಾರಿಯಲ್ಲಿ ಅತ್ತಿಗೆ ಒಂದೇ ಮಾತು ಆಡಿದಳು. "ಬಟ್ಟೆ ತೊಳೆಯೋರು ನಾವು, ಕೈ ತೊಳ್ಕೊಳ್ಳೋರು ಅವರು."

ಅಧಿಕಾರ ಹಂಚಿಕೆಯಾದ ಮೇಲೆ ಮ್ಯಾನೇಜರ್ ನೆಲದ ಮೇಲೆ ಹಳದಿ ಗೆರೆ ಎಳೆಸಿದ. ಒದ್ದೆ ಕಡೆಯವರು ಒಣ ಕಡೆಗೆ ಕಾಲಿಡಬಾರದು. ಊಟದ ಹೊತ್ತು ಬೇರೆ, ಗೇಟು ಬೇರೆ. ಒಗೆಯುವ ಕೋಣೆಯಲ್ಲಿ ಚರ್ಮ ಸುಲಿದರೆ ಕಾರ್ಖಾನೆ ಮಂಡಳಿ, ಮಡಿಸುವ ಕೋಣೆಯಲ್ಲಿ ಉಬ್ಬಸ ಬಂದರೆ ಸೇವಾ ಮಂಡಳಿ. ಒಟ್ಟಿಗೆ ಕೂತು ಮಾತಾಡಿದರೆ ಅದು ನಿಯಮಕ್ಕೆ ವಿರುದ್ಧ. ಮ್ಯಾನೇಜರನಿಗೆ ಮಂಡಳಿಗಳ ಮೇಲೆ ಹಿಂದೆಂದೂ ಇಲ್ಲದ ಗೌರವ ಬಂತು.

ರೋಲರಿನ ಮುಂದೆ ಅತ್ತಿಗೆಯ ಜೊತೆಗೆ ಹೊಸಬಳೊಬ್ಬಳನ್ನು ಹಾಕಿದರು. ಆಗತಾನೆ ಮದುವೆಯಾಗಿ ಆ ಊರಿಗೆ ಬಂದ ಹುಡುಗಿ. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಒಂದು ಬೆಳಿಗ್ಗೆ ಅವಳು ಯಾವುದಕ್ಕೋ ನಗುತ್ತ ತಿರುಗಿದಳು. ಕುತ್ತಿಗೆಯ ವಸ್ತ್ರದ ತುದಿ ಚಾದರದ ಜೊತೆ ಒಳಗೆ ಹೋಯಿತು. ನಗು ಅಲ್ಲೇ ಕತ್ತರಿಸಿ ಬಿತ್ತು. ಅತ್ತಿಗೆ ಎರಡೂ ಕೈ ಹಾಕಿ ವಸ್ತ್ರ ಹಿಡಿದು, ರೋಲರಿನ ಚೌಕಟ್ಟಿಗೆ ಕಾಲು ಕೊಟ್ಟು ಎಳೆದಳು. ಹಳೆಯ ಬಟ್ಟೆ, ಪುಣ್ಯಕ್ಕೆ ಪರ್ರನೆ ಹರಿಯಿತು. ಹುಡುಗಿ ಕುತ್ತಿಗೆ ಹಿಡಿದುಕೊಂಡು ನೆಲದ ಮೇಲೆ ಕೂತಳು.

ಅತ್ತಿಗೆ ನಡೆದುಹೋಗಿ ಗೋಡೆಯ ಕೆಂಪು ಗುಂಡಿ ಒತ್ತಿದಳು. ರೋಲರು ನಿಂತಿತು.

"ಯಾರೇ ಅದು ನಿಲ್ಲಿಸಿದ್ದು?" ಮ್ಯಾನೇಜರ್ ಓಡಿಬಂದ.

"ನಾನು."

"ಯಾರ ಅಪ್ಪಣೆ ತಗೊಂಡೆ?"

"ಕೈ ಕತ್ತರಿಸೋಕೆ ನೀವು ಯಾರ ಅಪ್ಪಣೆ ತಗೊಂಡ್ರಿ?"

ಒದ್ದೆ ಕಡೆಯಿಂದ ಗಂಟಲಮ್ಮನ ಕೂಗು ಬಂತು. "ಅಂತೂ ಬುದ್ಧಿ ಬಂತಲ್ಲೇ ನಿನಗೆ!" ಅವಳ ಯಂತ್ರ ನಿಂತಿತು. ಅದರ ಪಕ್ಕದ್ದೂ ನಿಂತಿತು. ಒಣ ಕಡೆ ಮಡಿಸುತ್ತಿದ್ದ ಕೈಗಳು ಚಾದರ ಬಿಟ್ಟು ಕೆಳಗಿಳಿದವು. ಬಾಯ್ಲರಿನ ಬುಸುಗುಡುವಿಕೆ ಬಿಟ್ಟರೆ ಇಡೀ ಲಾಂಡ್ರಿಯಲ್ಲಿ ಸದ್ದಿಲ್ಲ. ಆ ಮೌನಕ್ಕೆ ಹೆಂಗಸರಿಗೇ ಭಯವಾಯಿತು. ಅತ್ತಿಗೆ ಗುಂಡಿಯ ಮೇಲಿಂದ ಕೈ ತೆಗೆಯಲಿಲ್ಲ.

ಕೈ ಹೋದಾಗ ರಸ್ತೆ ದಾಟಲು ತಿಂಗಳುಗಳೇ ಸಾಲದಿದ್ದವರು ಊಟದ ಹೊತ್ತಿಗೆ ಮೊದಲೇ ಬಂದಿಳಿದರು. ಇಬ್ಬರು ಅಧ್ಯಕ್ಷರು, ಎರಡು ಕಾರು, ಹಿಂದೆ ಪೊಲೀಸು ವ್ಯಾನು. ಇಬ್ಬರಲ್ಲೂ ಅದೆಂಥ ಒಮ್ಮತ! ಒಂದೇ ಒಕ್ಕಣೆಯ ಎರಡು ಆಜ್ಞೆ.

"ಒದ್ದೆ ಕಡೆಯವರು ಕೆಲಸಕ್ಕೆ ಮರಳಬೇಕು. ಇದು ನನ್ನ ಆಜ್ಞೆ," ಎಂದರು ಕನ್ನಡಕದ ಸಾಹೇಬರು. ಈಗ ಮಾತು ಮೆತ್ತಗಿರಲಿಲ್ಲ.

"ಒಣ ಕಡೆಯವರಿಗೆ ನನ್ನ ಆಜ್ಞೆ," ಎಂದು ಕೆಮ್ಮಿದರು ಇನ್ನೊಬ್ಬರು. "ಇಲ್ಲದಿದ್ರೆ ಪೊಲೀಸಿನವರು ಎತ್ತಿ ಹಾಕ್ತಾರೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರು ಹಿಂದೆ ಸರಿದರು. ಆಗ ಗಂಟಲಮ್ಮ ಒದ್ದೆ ಕಾಲಲ್ಲೇ ಹಳದಿ ಗೆರೆ ತುಳಿದು ಬಂದಳು.

"ಅಯ್ಯೋ ಪೆದ್ದಮ್ಮಗಳಿರಾ, ಅಲ್ಲೇನು ನಿಂತಿದ್ದೀರಿ? ರೋಲರ್ ಹತ್ರ ಬನ್ರೇ! ಅದು ಇಬ್ಬರದೂ ಅಲ್ವಂತೆ! ಪೇಪರಿನಲ್ಲೇ ಹಾಕ್ಸಿದ್ದಾರೆ!"

ಮೊದಲು ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ. ನಗುತ್ತಲೇ ಬಂದರು, ಒದ್ದೆ ಕಡೆಯಿಂದಲೂ ಒಣ ಕಡೆಯಿಂದಲೂ. ರೋಲರಿನ ಸುತ್ತ ಒತ್ತೊತ್ತಾಗಿ ಕೂತರು. ಜಾಗ ಸಾಲದೆ ಒಬ್ಬರ ಮಡಿಲಲ್ಲಿ ಒಬ್ಬರು ಕೂತರು.

ಪೊಲೀಸ್ ಅಧಿಕಾರಿ ಸಾಹೇಬರ ಕಡೆ ತಿರುಗಿದ. "ಯಾರ ದೂರಿನ ಮೇಲೆ ಎಬ್ಬಿಸ್ಲಿ ಸಾರ್? ಒಬ್ಬರು ಬರೆದು ಸಹಿ ಹಾಕಿ."

ಕನ್ನಡಕದ ಸಾಹೇಬರು ಕೆಮ್ಮಿನ ಸಾಹೇಬರನ್ನು ನೋಡಿದರು. ಅವರು ಇವರನ್ನು ನೋಡಿದರು. ಸಹಿ ಹಾಕಿದರೆ ರೋಲರು ನನ್ನದು ಎಂದು ಒಪ್ಪಿದಂತೆ. ರೋಲರು ನನ್ನದಾದರೆ ಕೈಯೂ ನನ್ನದು. "ಅದರಲ್ಲಿ ಸ್ವಲ್ಪ ಸೂಕ್ಷ್ಮ ಇದೆ," ಎಂದರು ಇಬ್ಬರೂ, ಹೆಚ್ಚುಕಡಿಮೆ ಒಟ್ಟಿಗೆ. ಮಾತಾಡಿಕೊಂಡು ಬರುತ್ತೇವೆಂದು ಕಾರು ಹತ್ತಿದರು. ಸಾಹೇಬರಿಲ್ಲದ ಮೇಲೆ ಪೊಲೀಸರು ಗೇಟಿನ ನೆರಳಿಗೆ ಹೋಗಿ ನಿಂತರು.

ಮ್ಯಾನೇಜರನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಹೋಟೆಲಿನವರು ಬೈದರು. ಆಸ್ಪತ್ರೆಗಳಿಂದ ಫೋನು ಬಂದಾಗ ಮಾತ್ರ ಅತ್ತಿಗೆಯ ಮುಖ ಸಣ್ಣದಾಯಿತು. ಚಾದರವಿಲ್ಲದ ಹಾಸಿಗೆಯಲ್ಲಿ ಮಲಗುವವರೂ ತನ್ನಂಥವರೇ ಎಂದು ಅವಳಿಗೆ ಗೊತ್ತಿತ್ತು. ಪಕ್ಕದಲ್ಲಿದ್ದ ಹೊಸ ಹುಡುಗಿಯ ಕುತ್ತಿಗೆಯ ಸುತ್ತ ಕೆಂಪಗೆ ಬರೆ ಎದ್ದಿತ್ತು. ಅತ್ತಿಗೆ ಅದನ್ನು ನೋಡಿದಳು. ಏಳಲಿಲ್ಲ.

ಬಿಸಿಲು ಇಳಿಯುವ ಮೊದಲು ಫಿಟ್ಟರು ಉಗ್ರಾಣದಿಂದ ಗಾರ್ಡು ಹೊತ್ತು ತಂದ. ಜೇಡರ ಬಲೆ ಒರೆಸಿ, ತಂತಿ ಸೇರಿಸಿ, ಬೋಲ್ಟು ಬಿಗಿದ. ಹೆಂಗಸರು ಕಣ್ಣು ಮಿಟುಕಿಸದೆ ನೋಡಿದರು. ಒಬ್ಬ ಮನುಷ್ಯ ಚಹಾ ಕುಡಿದು ಮುಗಿಸುವಷ್ಟು ಹೊತ್ತಿನ ಕೆಲಸ. ಇಷ್ಟಕ್ಕೇ ತಿಂಗಳಾನುಗಟ್ಟಲೆ ರಸ್ತೆ ದಾಟಿದ್ದು. ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಸರಿ, ಆಯ್ತಲ್ಲ?" ಮ್ಯಾನೇಜರ್ ಬೆವರು ಒರೆಸಿಕೊಂಡ. "ಏಳಿ ಇನ್ನು. ಏಳಮ್ಮ ಅತ್ತಿಗೆ."

ಈ ಸಲ ಅವನು ನಾಲಿಗೆ ಕಚ್ಚಿಕೊಳ್ಳಲಿಲ್ಲ.

"ಒಂದು ಆಯ್ತು," ಎಂದಳು ಅತ್ತಿಗೆ. "ಇನ್ನೊಂದು ಕೆಲಸ ಇದೆ. ನಮ್ಮ ನಾದಿನೀನ ವಾಪಸ್ ಕೆಲಸಕ್ಕೆ ಕರೆಸಿ."

"ಅವಳ ವಿಷಯ ಬೇರೆ. ಅದನ್ನ ಮಂಡಳಿಯವರ ಹತ್ರ..."

ಮಂಡಳಿ ಎನ್ನುವುದೇ ತಡ, ರೋಲರಿನ ಸುತ್ತ ಕೂತವರೆಲ್ಲ ಹೋ ಎಂದು ನಕ್ಕರು. ಅಂಥ ನಗುವನ್ನು ಮ್ಯಾನೇಜರ್ ಆ ಕಟ್ಟಡದಲ್ಲಿ ಎಂದೂ ಕೇಳಿರಲಿಲ್ಲ.

"ನಾನೇ ಹೋಗಿ ಕರ್ಕೊಂಡು ಬರ್ತೀನಿ," ಎಂದು ಹೊಸ ಹುಡುಗಿ ಹರಿದ ವಸ್ತ್ರವನ್ನು ಸೊಂಟಕ್ಕೆ ಬಿಗಿದು ಎದ್ದಳು.

"ಹೋಗವ್ವ," ಎಂದಳು ಅತ್ತಿಗೆ. ಆಮೇಲೆ ಮ್ಯಾನೇಜರನ ಕಡೆ ತಿರುಗಿದಳು. "ಅವಳು ಬಂದು ಕೂತ್ಕೊಳ್ಳೋಕೆ ಒಂದು ಕುರ್ಚಿ ತನ್ನಿ ಸಾರ್. ಅಲ್ಲೀವರೆಗೂ ಬಟ್ಟೆ ಒದ್ದೆಯಾಗೇ ಇರಲಿ."